ಗೋಡೆ ಅಕ್ಕನೂ ಅರಮನೆಯ ಬಾಗಿಲೂ

ಬೆಳಕು ಹರಿಯುವ ಹೊತ್ತು. ಕಚೇರಿಯ ಮೂರನೇ ಮಹಡಿಯ ಕೋಣೆಯಲ್ಲಿ ಹೆಂಗಸೊಬ್ಬಳು ಅರಮನೆಯ ಗೋಡೆಗೆ ಸಿಪಾಯಿಯ ಹಣೆ ಚಚ್ಚುತ್ತಿದ್ದಾಳೆ. ಅರಮನೆಯೂ ಸಿಪಾಯಿಯೂ ಇರುವುದು ಕಂಪ್ಯೂಟರಿನ ಪರದೆಯೊಳಗೆ. ಎಡಗೋಡೆ ಮುಗಿಯಿತು, ಇನ್ನು ಬಲಗೋಡೆ. ಸಿಪಾಯಿ ಎಲ್ಲಾದರೂ ಗೋಡೆ ತೂರಿ ಆಚೆ ಬಿದ್ದರೆ ಅದು ದೋಷ. ಅದನ್ನು ಹಿಡಿಯುವುದೇ ಇವಳ ಕೆಲಸ. ವಿಡಿಯೋ ಗೇಮ್ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಇವಳು ಗೋಡೆ ಅಕ್ಕ.

"ಗೋಡೆಗೆ ತಲೆ ಚಚ್ಚಿಕೊಳ್ಳೋದಕ್ಕೂ ಸಂಬಳ ಕೊಡ್ತಾರೇನೇ?" ಎಂದು ತಾಯಿ ವರ್ಷಗಳಿಂದ ಕೇಳುತ್ತಿದ್ದಾಳೆ. ಹಿಂದೆ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಯ ಗುಂಡಿ ಎಳೆದೆಳೆದು ನೋಡುತ್ತಿದ್ದವಳು ಅಕ್ಕ. ಕಾರ್ಖಾನೆ ಮುಚ್ಚಿತು, ಎಳೆದು ನೋಡುವ ಚಾಳಿ ಉಳಿಯಿತು.

ಕಳೆದ ತಿಂಗಳು, ಆಟದ ಬಿಡುಗಡೆಯ ಹಿಂದಿನ ದಿನ, ಯಜಮಾನರಿಗೆ ಹೊಸತನದ ಹುಚ್ಚು ಹಿಡಿಯಿತು. ಅರಮನೆಯ ಬಾಗಿಲು ಬಂದವರ ಗುರುತು ಹಿಡಿದು ತಾನಾಗಿ ತೆರೆಯಬೇಕಂತೆ. ನೋಡಲು ಎರಡು ದಿನ ಕೊಡಿ ಎಂದು ಅಕ್ಕ ಕೇಳಿದಳು. ಸಿಕ್ಕಿದ್ದು ಅರ್ಧ ಗಂಟೆ. ಅಭ್ಯಾಸಬಲ ನೋಡಿ, ಆ ಅರ್ಧ ಗಂಟೆಯೂ ಬಾಗಿಲಿನ ಅಕ್ಕಪಕ್ಕದ ಗೋಡೆಗಳಿಗೇ ಹೋಯಿತು. ಆಟ ಕೊಂಡವರೋ, ಪಾಪ, ಮನುಷ್ಯರು. ನೆಟ್ಟಗೆ ಬಾಗಿಲಿಗೇ ಹೋದರು. ಹೊಸ್ತಿಲು ದಾಟಿದವರೆಲ್ಲ ಪಾತಾಳಕ್ಕೆ. ರಾಜ ಮಾತ್ರ ಸಿಂಹಾಸನದಲ್ಲಿ ಕೂತು ಖಾಲಿ ನೆಲಕ್ಕೆ ಕೈಮುಗಿಯುತ್ತಲೇ ಇದ್ದ.

ಜನ ಉಗಿದರು. ಹುಚ್ಚು ಯಜಮಾನರದು, ಆತುರ ಯಜಮಾನರದು, ತಪ್ಪು ಮಾತ್ರ ಅಕ್ಕನದಾಯಿತು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಅನ್ನುತ್ತದೆ ಗಾದೆ. ಇವಳಿಗೆ ಸಿಪ್ಪೆಯೂ ಸಿಕ್ಕಿರಲಿಲ್ಲ. ದುರಸ್ತಿಯಾದ ಆಟ ಇವತ್ತು ಮತ್ತೆ ಹೊರಡಬೇಕು. ಈ ಸಲವೂ ಎಡವಿದರೆ ಕುರ್ಚಿ ಖಾಲಿ ಮಾಡಬೇಕೆಂದು ಅವಳಿಗೆ ಹೇಳಿಯಾಗಿದೆ.

ಅಷ್ಟರಲ್ಲಿ, ರಾತ್ರಿ ಮನೆಗೆ ಬಾರದ ಮಗಳಿಗೆಂದು, ತಾಯಿ ತಿಂಡಿಯ ಡಬ್ಬಿ ಹಿಡಿದು ಬರುತ್ತಾಳೆ. ಅಕ್ಕ ಎದ್ದು ಜಾಗ ಬಿಡುತ್ತಾಳೆ. "ಅಮ್ಮಾ, ನನ್ನ ಕೈ ಗೋಡೆ ಕಡೆಗೇ ಎಳೆಯುತ್ತೆ. ನೀನಾದ್ರೂ ಮನುಷ್ಯರ ಹಾಗೆ ಬಾಗಿಲಲ್ಲಿ ಹೋಗು, ನೋಡೋಣ."

ಕೀಲಿಮಣೆ ಒತ್ತುವುದನ್ನು ಮಗಳಿಂದ ಅಲ್ಲೇ ಕಲಿತ ತಾಯಿ ಸಿಪಾಯಿಯನ್ನು ನಡೆಸುತ್ತಾಳೆ. ಬಾಗಿಲು ತೆರೆಯುತ್ತದೆ. ಅವಳು ಹೊಸ್ತಿಲ ಮೇಲೇ ನಿಂತುಬಿಡುತ್ತಾಳೆ. ಯಾಕಮ್ಮಾ ಅಂದರೆ, "ಕರೀದೆ ಒಳಗೆ ನುಗ್ಗೋಕೆ ನಾನೇನು ಬೆಕ್ಕೇ?"

ರಾಜ ಕರೆಯುವುದಿಲ್ಲ, ತಾಯಿ ಕದಲುವುದಿಲ್ಲ. ಕಾದು ಬೇಸತ್ತ ಬಾಗಿಲು ಧಡಾರನೆ ಮುಚ್ಚಿಕೊಳ್ಳುತ್ತದೆ. ಸಿಪಾಯಿಯ ಮೂಗು ಒಳಗೆ, ಬೆನ್ನು ಹೊರಗೆ. ಆಟ ಅಲ್ಲಿಗೇ ಕಲ್ಲಾಗುತ್ತದೆ.

ಸುದ್ದಿ ಕೇಳಿ ಓಡಿಬಂದ ಯಜಮಾನರು, ಹೊಸ್ತಿಲ ಮೇಲೆ ಯಾರು ಹೀಗೆ ನಿಲ್ಲುತ್ತಾರೆ, ಸರಿಯಿದೆ ಅಂದುಬಿಡು ಅನ್ನುತ್ತಾರೆ. ಅಕ್ಕ ಕುರ್ಚಿಯ ಬೆನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

"ನಮ್ಮಮ್ಮ ನಿಂತಿದ್ದಾರಲ್ಲ ಸಾರ್. ಕುರ್ಚಿ ಬೇಕಾದ್ರೆ ತಗೊಳ್ಳಿ, ಸರಿಯಿದೆ ಅಂತ ನನ್ನ ಬಾಯಲ್ಲಿ ಬರಲ್ಲ."

ಯಜಮಾನರು ಪರದೆ ನೋಡುತ್ತಾರೆ, ತಾಯಿಯನ್ನು ನೋಡುತ್ತಾರೆ. ಹೋದ ತಿಂಗಳ ಉಗುಳು ಇನ್ನೂ ಆರಿಲ್ಲ. ಒಂದೇ ದಿನ ಎಂದು ಗೊಣಗಿ ಹೋಗುತ್ತಾರೆ.

ಮರುದಿನ ರಾಜ ತಾನೇ ಎದ್ದು ಬಾಗಿಲಿಗೆ ಬಂದು "ಒಳಗೆ ಬನ್ನಿ" ಅನ್ನುತ್ತಾನೆ. ಆಟ ಹೊರಡುತ್ತದೆ, ಯಾರೂ ಪಾತಾಳ ಸೇರುವುದಿಲ್ಲ. ಹೊಗಳಿಕೆಯೆಲ್ಲ ಯಜಮಾನರ ಬಾಗಿಲಿಗೆ. ಆ ರಾಜನಿಗೆ ಮರ್ಯಾದೆ ಕಲಿಸಿದ್ದು ತಾನು ಎಂದು ತಾಯಿ ಬೀದಿಯಿಡೀ ಹೇಳಿಕೊಂಡು ತಿರುಗುತ್ತಾಳೆ.

ಅಕ್ಕನ ಕುರ್ಚಿ ಉಳಿದಿದೆ. ಇನ್ನೇನು ಆಸೆ ಅಂದರೆ ನಗುತ್ತಾಳೆ. "ಒಂದ್ಸಲ ಗೋಡೆ ಮುಟ್ಟದೆ, ಬಾಗಿಲಲ್ಲೇ ಹೋಗಿ, ಆ ರಾಜನ ಎದುರು ಸುಮ್ಮನೆ ಕೂತ್ಕೋಬೇಕು."

ಹೇಳುತ್ತಿರುವಾಗಲೇ ಅವಳ ಸಿಪಾಯಿ, ತೆರೆದ ಬಾಗಿಲು ಬಿಟ್ಟು, ಎಡಗೋಡೆಗೆ ಹಣೆ ಕೊಡುತ್ತಾನೆ.