ಅಟ್ಟದ ರಕೂನು, ಅಕ್ಕನ ಮಾತು

ಕಳೆದ ತಿಂಗಳು ಡ್ಯಾನ್‌ವಿಲ್‌ನ ನಮ್ಮ ಮನೆಯ ಅಟ್ಟಕ್ಕೆ ಬಾಣಂತನಕ್ಕೆಂದು ಒಬ್ಬಳು ಬಂದು ಸೇರಿಕೊಂಡಳು. ನಾವು ಕರೆದಿರಲಿಲ್ಲ.

ರಕೂನು. ಬೆಕ್ಕಿಗಿಂತ ದಪ್ಪ, ಕಣ್ಣ ಸುತ್ತ ಕಳ್ಳನ ಮುಖವಾಡದಂಥ ಕಪ್ಪು ಪಟ್ಟಿ, ಮನುಷ್ಯರಿಗಿರುವಂಥ ಕೈ. ಗಾಳಿಕಿಂಡಿಯ ಜಾಲರಿ ಕಿತ್ತು ಒಳಬಂದು ಮೂರು ಮರಿ ಹಾಕಿತ್ತು. (ಜಾಲರಿ ಸಡಿಲವಾಗಿದೆ ಎಂದು ನಾನು ಮೊದಲೇ ಹೇಳಿದ್ದೆ ಎಂಬುದು ನನ್ನ ನೆನಪು. ಹೇಳಿದ್ದು ತಾನು ಎಂಬುದು ನನ್ನ ಗಂಡ ಮೋಹನನ ನೆನಪು.)

ಇಂಥ ಪ್ರಾಣಿಗಳನ್ನು ಓಡಿಸುವವನೊಬ್ಬ ಬಂದು ನೋಡಿದ. ಹಿಡಿದು ಬೇರೆ ಕಡೆ ಬಿಡಲು ಇಲ್ಲಿ ಕಾನೂನು ಒಪ್ಪುವುದಿಲ್ಲ ಎಂದ. ಅಟ್ಟದಲ್ಲಿ ದೀಪ ಹಾಕಿ, ಮನುಷ್ಯರ ಮಾತು ಕೇಳಿಸುತ್ತಿದ್ದರೆ ಕಿರಿಕಿರಿಯಾಗಿ ತಾಯಿಯೇ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದಂತೆ. ಹಾಡು ಸಾಲದು, ಬಿಡುವಿಲ್ಲದ ಮಾತೇ ಬೇಕಂತೆ.

“ಬಿಡುವಿಲ್ಲದ ಮಾತು ಅಂದ್ರೆ ನಿಮ್ಮಕ್ಕಾನೇ ಕಣೇ,” ಅಂದ ಮೋಹನ. “ಅವರ ವಾಯ್ಸ್ ಮೆಸೇಜು ಹಾಕು.”

ತಮಾಷೆಗೆ ಅಂದದ್ದು. ಆದರೆ ಐಡಿಯಾ ಚೆನ್ನಾಗಿತ್ತು. ಅಕ್ಕ ಇರುವುದು ಲಿವರ್‌ಮೋರ್‌ನಲ್ಲಿ, ಒಬ್ಬಳೇ. ಫ್ರೀವೇಯಲ್ಲಿ ಇಪ್ಪತ್ತೈದು ನಿಮಿಷ. ಆಫೀಸಿಗೆ ಹೋಗುವಾಗ ಬರುವಾಗ ಕಾರಿನಿಂದಲೇ ನನಗೆ ಮಾತು ಕಳಿಸುವುದು ಅವಳ ರೂಢಿ. ಒಂದೊಂದೂ ಹತ್ತು ನಿಮಿಷ. ಮೊದಲ ಅರ್ಧ ನಿಮಿಷ ಟ್ರಾಫಿಕ್ಕಿನ ವರ್ಣನೆ. ಅಷ್ಟು ಕೇಳಿ ನಾನು ಹೆಬ್ಬೆಟ್ಟಿನ ಚಿತ್ರ ಒತ್ತುತ್ತೇನೆ. (ಎಂ.ಎ. ಮಾಡಿದವಳು. ಓದದೆ ಹೆಬ್ಬೆಟ್ಟು ಒತ್ತುವವರಿಗಾಗಿ ಒಂದು ಕಾಲದಲ್ಲಿ ಮರುಗಿದವಳು.) ವಿಚಿತ್ರವೆಂದರೆ, ಎಲ್ಲವನ್ನೂ ಪೂರ್ತಿ ಕೇಳಿದ್ದೇನೆ ಎಂದೇ ನನ್ನ ನೆನಪು.

ಇದ್ದ ಮೆಸೇಜುಗಳನ್ನೆಲ್ಲ ಸಾಲಾಗಿ ಜೋಡಿಸಿ, ಹಳೆಯ ಫೋನಿಗೆ ಸ್ಪೀಕರು ಸಿಕ್ಕಿಸಿ, ಮತ್ತೆ ಮತ್ತೆ ಓಡುವಂತೆ ಮಾಡಿ ಅಟ್ಟದಲ್ಲಿಟ್ಟೆ. ಮೂರನೇ ದಿನ ಸಂಜೆ, ಅಟ್ಟದ ಕೆಳಗಿನ ರೂಮಿನಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಬಂದಳು.

“ಅಮ್ಮಾ, ದೊಡ್ಡಮ್ಮ ಕೀಪ್ಸ್ ಆಸ್ಕಿಂಗ್ ಯೂ ಸಮ್‌ಥಿಂಗ್.”

ಏಣಿ ಹತ್ತಿದೆ. ಅಟ್ಟ ಖಾಲಿ. ರಕೂನು ಮರಿಗಳ ಸಮೇತ ಹೊರಟುಹೋಗಿತ್ತು. ಅಕ್ಕ ಮಾತ್ರ ಮಾತಾಡುತ್ತಲೇ ಇದ್ದಳು.

“ಗುರುವಾರ ಕಣ್ಣಿನ ಆಪರೇಷನ್ನು. ಆಮೇಲೆ ಡ್ರೈವ್ ಮಾಡಬಾರ್ದಂತೆ, ಜೊತೇಲಿ ಯಾರಾದ್ರೂ ಇರ್ಲೇಬೇಕಂತೆ. ನೀನು ಬರ್ತೀಯೋ, ಇಲ್ಲ ಪಕ್ಕದ್ಮನೆಯವರನ್ನ ಕೇಳ್ಲೋ?”

ಮೆಸೇಜಿನ ತಾರೀಖು ನೋಡಿದೆ. ಆ ಗುರುವಾರ ಕಳೆದು ಐದು ವಾರವಾಗಿತ್ತು. ಮೆಸೇಜಿನ ಕೆಳಗೆ ನನ್ನ ಹೆಬ್ಬೆಟ್ಟು. ಅದಾದ ಮೇಲೆ ಅವಳಿಂದ ಇನ್ನೊಂದು ಮೆಸೇಜು ಬಂದಿಲ್ಲ ಎಂಬುದನ್ನೂ ನಾನು ಗಮನಿಸಿರಲಿಲ್ಲ.

ಫೋನ್ ಮಾಡಿದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಹೆಬ್ಬೆಟ್ಟು ಹಾಕಿದ್ಯಲ್ಲ, ಪಕ್ಕದ್ಮನೆಯವರೇ ಸರಿ ಅಂತಿದೀಯ ಅಂದ್ಕೊಂಡೆ,” ಅಂದಳು.

ಆಫೀಸು, ರಕೂನು, ಅದರ ಮರಿಗಳು ಎಂದು ನಾನು ಏನೇನೋ ಹೇಳಿದೆ. (ಐದು ವಾರದ ಹಿಂದೆ ರಕೂನು ಬಂದೇ ಇರಲಿಲ್ಲ ಎಂಬುದು ಹೊಳೆದದ್ದು ಆಮೇಲೆ.) ಅವಳು ಪೂರ್ತಿ ಕೇಳಿಸಿಕೊಂಡಳು.

“ಇರ್ಲಿ ಬಿಡೇ. ಈಗ ನಂಗೆ ಎಲ್ಲಾ ಚೆನ್ನಾಗಿ ಕಾಣಿಸ್ತಿದೆ.”

ಕಣ್ಣಿನ ವಿಷಯವನ್ನೇ ಹೇಳಿದಳು, ಅಲ್ಲವೇ?