ಅವ್ವನಿಗೆ ಸಿಕ್ಕ ಎರೆಮಣ್ಣು

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಸಂಜೆ ಕೆಲಸ ಮುಗಿಸಿ ಬಂದರೆ ಅವ್ವ ಅಡುಗೆಮನೆಯ ನೆಲದಲ್ಲಿ ಕುಳಿತು ಮಣ್ಣು ನಾದುತ್ತಿದ್ದಳು. ನಾವು ವಿಜಯಪುರದ ಕಡೆಯ ಕಪ್ಪು ಎರೆಮಣ್ಣಿನ ಸೀಮೆಯವರು. ನನ್ನ ಜೊತೆ ಹುಣಸಮಾರನಹಳ್ಳಿಗೆ ಬಂದಾಗಿನಿಂದ ಅವಳು ಇಲ್ಲಿನ ಕೆಂಪು ಮಣ್ಣನ್ನು ಬೈಯುತ್ತಲೇ ಪೂಜೆಯ ಎತ್ತು ಮಾಡುತ್ತಿದ್ದಳು. ಅಂಟಿಲ್ಲವಂತೆ, ಕೊಂಬು ನಿಲ್ಲುವುದಿಲ್ಲವಂತೆ. ಈ ಸಲ ಮೊಣಕೈವರೆಗೂ ಕಪ್ಪು.

“ನೋಡಿಲ್ಲಿ, ನಮ್ಮ ಎರಿಮಣ್ಣು! ಇಲ್ಲೇ ಹಳ್ಳದಾಗ ಸಿಕ್ತು.”

ಅವಳ ಮುಖ ಅಷ್ಟು ಅರಳಿದ್ದನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು. ನನಗೋ ಆ ಹಳ್ಳ ಗೊತ್ತಿತ್ತು. ನೀರು ಪರೀಕ್ಷಿಸುವುದು ನನ್ನ ಕೆಲಸ. ಆ ಹಳ್ಳದ ನೀರು, ಕೆಸರನ್ನೂ ನಾನೇ ಪರೀಕ್ಷಿಸಿದ್ದೇನೆ. ಮಳೆ ಬಂದು ಹೋದ ಮೇಲೆ ನೀರು ತಿಳಿಯಾಗಿ, ಏನೂ ಅರಿಯದಂತೆ ಹರಿಯುತ್ತದೆ. ಯಾವ ಯಾವ ಕಾರ್ಖಾನೆ ಶೆಡ್ಡುಗಳಿಂದಲೋ ಬಂದ ಸೀಸ, ಸತು ತಳದ ಕೆಸರಿನಲ್ಲಿ ಉಳಿದುಬಿಡುತ್ತವೆ. ಈ ಕೆಂಪು ಮಣ್ಣಿನ ಸೀಮೆಯಲ್ಲಿ ಹಳ್ಳದ ತಳ ಕಪ್ಪಾಗಿದ್ದರೆ ಅದು ಎರೆಯಲ್ಲ. ಚರಂಡಿ ನೀರು ಸೇರಿ, ಗಾಳಿಯಾಡದೆ ಉಸಿರುಗಟ್ಟಿ, ಕೆಂಪು ಮಣ್ಣಿನ ಕಬ್ಬಿಣವೇ ಗಂಧಕ ಹತ್ತಿ ಕಪ್ಪಾಗಿರುತ್ತದೆ.

“ನಾತ ಬರಾಕತ್ತದಲ್ಲ ಬೇ?” ಎಂದೆ.

“ತೊಳದೀನಿ. ಹೋಗ್ತದ ಬಿಡು.”

ಸೀಸ ತೊಳೆದರೆ ಹೋಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಕೈಗವಸಿಲ್ಲದೆ ನಾನು ಮುಟ್ಟದ ಮಣ್ಣಿನಲ್ಲಿ ಅವಳು ಕೊಂಬು ತೀಡುತ್ತಿದ್ದಳು. ಕೊಂಬು ನೆಟ್ಟಗೆ ನಿಂತಿತ್ತು, ದರಿದ್ರದ್ದು. ಕೊನೆಗೆ ಸೋಪು ಕೊಟ್ಟು “ಚಲೋತಂಗ ಕೈ ತೊಳಕೋ” ಎಂದಷ್ಟೇ ಹೇಳಿದೆ.

ಪೂಜೆಯಾದ ಕೆಲವೇ ದಿನಗಳಲ್ಲಿ ಎತ್ತುಗಳ ಬೆನ್ನು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಗಾಳಿ ತಾಗಿ ಕಪ್ಪೆಲ್ಲ ತುಕ್ಕಾಗುತ್ತಿತ್ತು.

“ಇದ್ಯಾಕ ಬಣ್ಣ ಬಿಟ್ಟಾವು?” ಎಂದು ಅವ್ವ ಕೇಳಿದಳು. ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ, ಎಲ್ಲ ಹೇಳಿದೆ. ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡಳು.

“ಅಂದ್ರ ಕೆಂಪು ಮಣ್ಣ ಅದು. ಬ್ಯಾನಿ ಬಂದು ಕರ್ರಗಾಗಿತ್ತು.”

“ಹೂಂ.”

“ನೀವು ಬರೇ ಪರೀಕ್ಷಾ ಮಾಡ್ತೀರಿ. ಔಷಧ ಯಾರು ಕೊಡ್ತಾರ?”

“ವರದಿ ಕಳಸ್ತೀವಿ” ಎಂದೆ. ಹೇಳುವಾಗ ನನಗೇ ನಾಚಿಕೆಯಾಯಿತು. ವರದಿ ಹೋಗುತ್ತದೆ, ಮುಂದಿನ ಸಲ ಮತ್ತೆ ಅದೇ ಕೆಸರು ಬಾಟಲಿಯಲ್ಲಿ ನನ್ನ ಮೇಜಿಗೆ ಬರುತ್ತದೆ.

ಪೂಜೆಯಾದ ಎತ್ತುಗಳನ್ನು ಹರಿಯುವ ನೀರಿಗೆ ಬಿಡಬೇಕು. ಇಲ್ಲಿ ಹತ್ತಿರದಲ್ಲಿ ಹರಿಯುವುದು ಆ ಹಳ್ಳವೊಂದೇ. ಎರಡೂ ಇನ್ನೂ ಬಾಲ್ಕನಿಯಲ್ಲೇ ಇವೆ.