ಮಡಿಲಕ್ಕಿಯ ವಾಯಿದೆ

ತೊಂಬತ್ತರ ದಶಕದ ಮಾತು. ಶ್ರೀರಂಗಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಹೆಣ್ಣುಮಗಳನ್ನು ಪಾಕಿಸ್ತಾನಕ್ಕೆ ಕಳಿಸಲು ಪೊಲೀಸರು ಬಂದರು. ನಾನು ಚಿಕ್ಕವ್ವ ಅನ್ನುತ್ತಿದ್ದ ಆಕೆ ಹುಟ್ಟಿ ಬೆಳೆದದ್ದು ನಮ್ಮ ಬೀದಿಯಲ್ಲೇ. ಕರಾಚಿಯ ಸಂಬಂಧಿಕರಿಗೆ ಕೊಟ್ಟು ಮದುವೆ ಮಾಡಿದ್ದರು. ಗಂಡ ತಲಾಖ್ ಕೊಟ್ಟ ಮೇಲೆ ಅಣ್ಣನ ಮನೆಗೆ ವಾಪಸು ಬಂದಿದ್ದಳು. ಪಾಸ್‌ಪೋರ್ಟು ಆ ದೇಶದ್ದು, ವೀಸಾ ಮುಗಿದಿತ್ತು. ಹುಟ್ಟಿದ ಬೀದಿಯಲ್ಲಿ ಇರಲಿಕ್ಕೂ ಅಪ್ಪಣೆ ಬೇಕೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಡೆಯಾಜ್ಞೆ ಕೇಳಲು ಅವಳಣ್ಣ ಹಿಂದಿನ ದಿನವೇ ಬೆಂಗಳೂರಿಗೆ ಹೋಗಿದ್ದ. ಹೈಕೋರ್ಟಿನಲ್ಲಿ ಅರ್ಜಿ ಮಧ್ಯಾಹ್ನ ವಿಚಾರಣೆಗೆ ಬರುವುದಿತ್ತು, ಪೊಲೀಸರು ಬೆಳಿಗ್ಗೆಯೇ ಬಂದಿದ್ದರು. ಅಷ್ಟರೊಳಗೆ ರೈಲು ಹತ್ತಿಸಿಬಿಟ್ಟರೆ ಕಥೆ ಮುಗಿದಂತೆ.

ನಾನು ಕೂಗಾಡಿದೆ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ಪೊಲೀಸರ ಮುಂದಾಳಾಗಿ ಬಂದಿದ್ದ ದಫೇದಾರರ ಎದುರು ನಿಂತಳು.

"ಕರ್ಕೊಂಡೋಗಿ ಸ್ವಾಮಿ, ಬ್ಯಾಡ ಅನ್ನಕಿಲ್ಲ. ಆದ್ರೆ ಮಡ್ಲು ತುಂಬ್ದೆ ಎಣ್ಮಗಳ್ನ ಎಂಗೆ ಕಳ್ಸದು? ಮದ್ವೆ ಆಗಿ ಓದಾಗ್ಲೂ ನಾನೇ ತುಂಬಿದ್ದೆ."

"ತುಂಬವ್ವ, ಬೇಗ."

"ನನ್ ತವರಿನ ಅಕ್ಕಿನೇ ಆಗ್ಬೇಕು. ಅಕ್ಕಿಹೆಬ್ಬಾಳಿಂದ ನಮ್ಮಣ್ಣ ತರ್ತಾವ್ನೆ. ಕೆ.ಆರ್. ಪೇಟೆ ಬಸ್ಸು ಬರ್ಲಿ."

ನನ್ನ ಸೋದರಮಾವನಿಗೆ ಈ ಸುದ್ದಿಯೇ ಗೊತ್ತಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಮೂಟೆಯ ತುಂಬ ಅಕ್ಕಿ ಇತ್ತು. ಅವ್ವ ಮಾತ್ರ ಏನೂ ಅರಿಯದವಳ ಹಾಗೆ ಮೊರದಲ್ಲಿ ತೆಂಗಿನಕಾಯಿ, ಬೆಲ್ಲ, ಬಳೆ, ವೀಳ್ಯದೆಲೆ ಜೋಡಿಸಿ ಎಲ್ಲರಿಗೂ ಕಾಣುವಂತೆ ನಡುಮನೆಯಲ್ಲಿಟ್ಟಳು.

ದಫೇದಾರರು ನಾಗಮಂಗಲದ ಹೊಣಕೆರೆ ಕಡೆಯವರು. ಅವ್ವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. "ಮಡ್ಲು ತುಂಬ್ದೆ ಕರ್ಕೊಂಡೋದೆ ಅಂದ್ರೆ ನಮ್ಮನೆಯವ್ಳು ನನ್ನ ಒಳಕ್ಕೆ ಬುಡಾಕಿಲ್ಲ. ಸಂಜೆ ರೈಲಿಗೆ ಓಗುವ. ಮಜ್ಜಿಗೆ ಕೊಡವ್ವ," ಎಂದು ಜಗಲಿಯ ಮೇಲೆ ಕುಳಿತರು.

ಬಸ್ಸು ಬಂತು, ಹೋಯಿತು.

"ನಿಮ್ಮಣ್ಣ ಬರ್ನಿಲ್ವಾ?"

"ಪಾಂಡವಪುರದಲ್ಲಿ ಯಾರೋ ನೆಂಟ್ರು ಸಿಕ್ಕವ್ರೆ ಅಂತ ಕಾಣ್ತದೆ. ಮುಂದಿನ ಬಸ್ಸಿಗೆ ಬತ್ತಾನೆ."

"ಅಂಗೇ ಇರ್ಬೇಕು ಬುಡು," ಎಂದರು ಅವರು, ನಗದೆ. ಅವರಿಗೆ ಎಲ್ಲ ಗೊತ್ತಿದೆ ಎಂದು ನನಗೆ ಹೊಳೆದದ್ದು ಆಗ. ಬೆಳಿಗ್ಗೆ ಅವರ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು.

ಒಳಗೆ ಚಿಕ್ಕವ್ವ ಬ್ಯಾಗು ತಬ್ಬಿಕೊಂಡು ಕೂತಿದ್ದಳು. "ಅಲ್ಲಿ ನಂಗೆ ಯಾರವ್ರೆ ಅಕ್ಕ?" ಎಂದಳು. ಅವ್ವ ಅವಳ ಪಕ್ಕ ಕೂತು ತಾನೂ ಅತ್ತಳು.

ಬಿಸಿಲು ಇಳಿಯುವ ಹೊತ್ತಿಗೆ, ಬೆಂಗಳೂರಿಂದ ಫೋನು ಬಂದಿದೆ ಎಂದು ಎಸ್‌ಟಿಡಿ ಬೂತಿನವನು ಕೂಗಿದ. ಓಡಿದೆ. ಆ ಕಡೆ ಅವಳಣ್ಣ ಅಳುತ್ತಿದ್ದ, ಸೋತೆವು ಎಂದುಕೊಂಡೆ. ತಡೆಯಾಜ್ಞೆ ಸಿಕ್ಕಿತ್ತು. ವಕೀಲರು ಠಾಣೆಗೂ ತಿಳಿಸಿದ್ದರು. ದಫೇದಾರರು ಬೂತಿಗೆ ಹೋಗಿ ಠಾಣೆಗೆ ಫೋನು ಮಾಡಿ ಖಾತ್ರಿಪಡಿಸಿಕೊಂಡು ಬಂದರು.

"ಮುಂದಿನ ವಾಯಿದೆವರ್ಗೂ ಅಷ್ಟೇ ಕಣವ್ವ," ಎಂದು ಮೆಲ್ಲಗೆ ಹೇಳಿ ಹೋದರು.

ಆ ಸಂಜೆ ಅವ್ವ ನಮ್ಮ ಮೂಟೆಯ ಅಕ್ಕಿಯಲ್ಲೇ ಎರಡೂ ಮನೆಗೆ ಅನ್ನ ಮಾಡಿದಳು. ಸಾರಿಗೆ ಕಾಯಿ ಬೇಕಲ್ಲ ಎಂದು ನಾನು ಮೊರದಲ್ಲಿದ್ದ ತೆಂಗಿನಕಾಯಿಗೆ ಕೈಹಾಕಿದೆ. ಅವ್ವ ಅದನ್ನು ಕಸಿದುಕೊಂಡು ಅಟ್ಟದ ಮೇಲಿಟ್ಟಳು.

"ಅದ ಒಡೀಬ್ಯಾಡ ಮಗ, ಇರ್ಲಿ. ಕೋರ್ಟು ಏನಂದದೋ."